ಡಾಕ್ಟರ ಮುಂದೆ ಅಮಾಲಾ ಮಾತು ಯಾರು ಹೇಳಬೇಕು?

ಪ್ರಶ್ನೆ: ಕುಶಾಲನಗರದ ಟೈಲರ್

ಬೈಲಕುಪ್ಪೆಯ ಟಿಬೆಟಿಯನ್ ಕ್ಯಾಂಪಿನ ಹೆಂಗಸರಿಗೆ ಇಪ್ಪತ್ತು ವರ್ಷದಿಂದ ಛುಪಾ, ಅಂದರೆ ಅವರ ಉದ್ದನೆಯ ಉಡುಪು, ಹೊಲಿದು ಕೊಡುತ್ತಿದ್ದೇನೆ. ಅವರಲ್ಲಿ ಒಬ್ಬರು ಅಮಾಲಾ, ವಯಸ್ಸು ಎಪ್ಪತ್ತೈದು ದಾಟಿದೆ. 1959ರಲ್ಲಿ ಟಿಬೆಟ್ ಬಿಟ್ಟು ಬಂದಾಗ ಚಿಕ್ಕ ಹುಡುಗಿ. ಇಲ್ಲಿಗೆ ಬಂದ ಮೇಲೆ ಕಾಡು ಕಡಿದು ಮುಸುಕಿನ ಜೋಳ ಬೆಳೆದವರು.

ಆರು ತಿಂಗಳಿಂದ ಅವರಿಗೆ ನಿದ್ದೆ ಇಲ್ಲ. ಎದೆ ಹಿಡಿದಂತಾಗುತ್ತದೆ, ಬಾಗಿಲು ಸದ್ದಾದರೂ ಬೆಚ್ಚುತ್ತಾರೆ. 'ಸೊಗ್ ಲುಂಗ್' ಅಂತಾರೆ. ಆಸ್ಪತ್ರೆಗೆ ನಾನೂ ಹೋಗಿದ್ದೆ. ಅಮಾಲಾ ಮಾತನ್ನು ಕನ್ನಡದಲ್ಲಿ ಹೇಳೋಕೆ ಹದಿನಾಲ್ಕು ವರ್ಷದ ಮೊಮ್ಮಗ. "ಸಾಯಬೇಕು ಅನ್ನಿಸುತ್ತಾ ಕೇಳಪ್ಪ" ಅಂದರು ಡಾಕ್ಟರು. ಹುಡುಗ ಬಾಯಿ ಬಿಡಲಿಲ್ಲ, ನೆಲ ನೋಡುತ್ತಾ ನಿಂತ. ಅಮಾಲಾ ಅವನ ಶರ್ಟಿನ ಬಿಚ್ಚಿದ್ದ ಗುಂಡಿ ಹಾಕಿ, ತಮ್ಮ ಸಂತೆ ಕನ್ನಡದಲ್ಲೇ "ಚೆನ್ನಾಗಿದೀನಿ" ಅಂದುಬಿಟ್ಟರು. ಮಾತ್ರೆ ಕೊಟ್ಟು ಕಳಿಸಿದರು.

ಮಾರನೇ ದಿನ ಅಂಗಡಿಯಲ್ಲಿ ಅಳತೆ ತೆಗೆಯುವಾಗ ನನ್ನ ಕೈ ಹಿಡಿದುಕೊಂಡರು. "ತಮ್ಮ ಹಿಮದಲ್ಲಿ ಉಳ್ಕೊಂಡ" ಅಂದರು. ಅಷ್ಟೇ. ಈ ಮಾತು ಡಾಕ್ಟರಿಗೆ ಮುಟ್ಟಬೇಕು ಅಲ್ವಾ? ಹೇಗೆ?

ಉತ್ತರ: ಮಾನಸಿಕ ವಿಭಾಗದ ನರ್ಸ್

ಅಕ್ಕಾ, ಮೊದಲು ಆ ಹುಡುಗನನ್ನು ಬಿಡಿಸಿ. ಮಕ್ಕಳ ಬಾಯಲ್ಲಿ ಇಂಥ ಮಾತು ಆಡಿಸಲೇಬಾರದು. ಮನೆಯವರಲ್ಲದ, ಎರಡೂ ಭಾಷೆ ಬರುವ, ಅಮಾಲಾ ಒಪ್ಪುವ ಹೆಂಗಸು ಇರಲಿ. ಹೋಗುವ ಮೊದಲೇ ಫೋನ್ ಮಾಡಿ, ಜಾಸ್ತಿ ಹೊತ್ತು ಬೇಕು ಅಂತ ಹೇಳಿ. 'ಸೊಗ್ ಲುಂಗ್' ಅನ್ನೋ ಮಾತನ್ನೂ ಚೀಟಿಯಲ್ಲಿ ಬರೆದುಕೊಡಿ. ಮಾತ್ರೆ ಸುಮ್ನೆ ನಿಲ್ಲಿಸಬೇಡಿ. ರಾತ್ರಿ ತೀರಾ ಕಷ್ಟ ಆದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ನಂಬರ್ 14416, ಕನ್ನಡದಲ್ಲೂ ಮಾತಾಡುತ್ತಾರೆ.

ಉತ್ತರ: ಕ್ಯಾಂಪಿನ ಹುಡುಗಿ, ಈಗ ಬೆಂಗಳೂರು

ನಾನು ಹುಟ್ಟಿದ್ದು ಬೈಲಕುಪ್ಪೆಯಲ್ಲೇ. ಲುಂಗ್ ಅಂದರೆ ಗಾಳಿ, ನಿಮ್ಮ ವಾತದ ಹಾಗೆ. ಸೊಗ್ ಅಂದರೆ ಜೀವ. ನಮ್ಮ ಹಿರಿಯರು "ಮನಸ್ಸಿಗೆ ಕಾಯಿಲೆ" ಅನ್ನೋದಿಲ್ಲ, ಹೀಗೇ ಹೇಳೋದು. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಿದರೆ ಅವರು ಮತ್ತೆ ಬಾಯಿ ಬಿಡೋದಿಲ್ಲ. ಕ್ಯಾಂಪಿನ ಮೆನ್ ತ್ಸೀ ಖಾಂಗ್, ಅಂದರೆ ಟಿಬೆಟಿಯನ್ ವೈದ್ಯದ ಚಿಕಿತ್ಸಾಲಯದಲ್ಲಿ ನಮ್ಮ ವೈದ್ಯರು ನಾಡಿ ನೋಡುತ್ತಾರೆ. ಈ ವೈದ್ಯಕ್ಕೆ 2010ರಲ್ಲೇ ಸರ್ಕಾರದ ಮಾನ್ಯತೆ ಸಿಕ್ಕಿದೆ. ಅಲ್ಲಿಗೂ ಹೋಗಲಿ, ಆದರೆ ಎರಡೂ ಕಡೆಯ ಔಷಧಿ ಇಬ್ಬರಿಗೂ ತೋರಿಸಿ. ಭಾಷೆಗೆ ನಮ್ಮಮ್ಮ ಬರುತ್ತಾರೆ, ಕೇಳಿದ್ದೇನೆ. ಆಸ್ಪತ್ರೆ ಎಂದರೆ ಅವರಿಗೂ ಭಯ, ಆದರೂ ಬರುತ್ತಾರೆ.

ಟೈಲರ್:

ಅಮಾಲಾಗೆ ಹೇಳಿದೆ. ನಿಮ್ಮಮ್ಮ ಯಾರ ಮಗಳು ಅಂತ ಎರಡು ಸಲ ಕೇಳಿದರು, ಆಮೇಲೆ ಹೂಂ ಅಂದರು. ಗುರುವಾರ ಹೋಗುತ್ತೇವೆ. ಹುಡುಗ ನನ್ನ ಜೊತೆ ಹೊರಗೆ ಕೂತಿರುತ್ತಾನೆ.