ಸಹಾಯ ಬೇಕು: ಓಟ ಬಿಡಲೊಪ್ಪದ ಮುಂದಾಳು ನಾಯಿ

ಎಲ್ಲರಿಗೂ ನಮಸ್ಕಾರ. ನನ್ನ ಸೈಬೀರಿಯನ್ ಹಸ್ಕಿಗೆ ಈಗ 10 ವರ್ಷ. ಏಳು ಚಳಿಗಾಲ ಹಿಮದ ಮೇಲೆ ಜಾರುಬಂಡಿ ಎಳೆಯುವ ನಾಯಿಗಳ ತಂಡದ ಮುಂದಾಳಾಗಿ ಓಡಿದವನು. ‘ಜೀ’ ಎಂದರೆ ಬಲಕ್ಕೆ, ‘ಹಾ’ ಎಂದರೆ ಎಡಕ್ಕೆ. ಎರಡನೇ ಸಲ ಹೇಳಿಸಿಕೊಂಡದ್ದು ನೆನಪಿಲ್ಲ. ಒಮ್ಮೆ ಮಾತ್ರ, ತೆಳುವಾದ ಮಂಜುಗಡ್ಡೆಯ ಮುಂದೆ, ನಾನು ಎಷ್ಟು ಕೂಗಿದರೂ ಹೆಜ್ಜೆ ಕೀಳಲಿಲ್ಲ. ಅಂದು ಅವನು ಮಾತು ಕೇಳದಿದ್ದುದರಿಂದಲೇ ಇಂದು ಕುಳಿತು ಇದನ್ನು ಬರೆಯುತ್ತಿದ್ದೇನೆ.

ಈಗ ಹಿಂಗಾಲಿನ ಕೀಲುಗಳು ಸವೆದಿವೆ. ಇನ್ನು ಭಾರ ಎಳೆಸಬೇಡಿ ಎಂದು ಪಶುವೈದ್ಯರು ಖಡಾಖಂಡಿತವಾಗಿ ಹೇಳಿದ್ದಾರೆ. ಅದನ್ನು ಅವನಿಗೆ ಹೇಳುವವರು ಯಾರು? ಗೂಟದಿಂದ ಹಾರ್ನೆಸ್ (ಬಂಡಿ ಎಳೆಯಲು ಮೈಗೆ ತೊಡಿಸುವ ಪಟ್ಟಿ) ತೆಗೆದ ಸದ್ದಿಗೇ ಓಡಿಬಂದು ತಾನಾಗಿ ಅದರೊಳಗೆ ತಲೆ ತೂರಿಸುತ್ತಾನೆ. ಬಿಟ್ಟುಹೋದರೆ ತಂಡ ಮರಳುವವರೆಗೂ ಊಳಿಡುತ್ತಾನೆ. ಬಂದ ಮೇಲೆ ನನ್ನ ಮುಖ ನೋಡದೆ ಗೋಡೆಯ ಕಡೆ ತಿರುಗಿ ಮಲಗುತ್ತಾನೆ. ಊಟವೂ ಅರ್ಧ ಉಳಿಯುತ್ತಿದೆ.

1925ರಲ್ಲಿ ಅಲಾಸ್ಕಾದ ನೋಮ್ ಪಟ್ಟಣಕ್ಕೆ ಗಂಟಲಮಾರಿಯ ಔಷಧ ಸಾಗಿಸಲು ಓಡಿದ ಟೋಗೋ ಎಂಬ ಮುಂದಾಳು ನಾಯಿಗೆ ಆಗ 12 ವರ್ಷವಾಗಿತ್ತು ಎಂದು ದಯವಿಟ್ಟು ನೆನಪಿಸಬೇಡಿ. ಎಲ್ಲರ ಕೀಲೂ ಟೋಗೋನ ಕೀಲಲ್ಲ.

ಭಾರವಿಲ್ಲದೆ ಬರೀ ಹಾರ್ನೆಸ್ ತೊಡಿಸಿ ನಡೆಸಿದರೆ ಅವನಿಗೆ ಸಮಾಧಾನವಾಗುತ್ತದೆಯೇ, ಇಲ್ಲವೇ ಎಳೆಯುವ ಆಸೆ ಇನ್ನಷ್ಟು ಕೆರಳುತ್ತದೆಯೇ? ಎರಡು ವರ್ಷದ ಹೆಣ್ಣು ನಾಯಿಯೊಂದನ್ನು ಮುಂದಾಳಾಗಿ ಪಳಗಿಸುತ್ತಿದ್ದೇನೆ. ಪಾಠದ ಹೊತ್ತಿಗೆ ಹಳಬನನ್ನು ಪಕ್ಕದಲ್ಲಿ ನಡೆಸಿ ನೋಡಿದವರು ಯಾರಾದರೂ ಇದ್ದೀರಾ? ವಯಸ್ಸಾದ ನಾಯಿಯನ್ನು ಕೆಲಸದಿಂದ ಬಿಡಿಸಿದವರ ಅನುಭವ ಬೇಕು. ಕೀಲಿನ ಮದ್ದು ಬೇಡ, ಅದನ್ನು ವೈದ್ಯರು ನೋಡಿಕೊಳ್ಳುತ್ತಿದ್ದಾರೆ.