ಸಹಾಯ ಬೇಕು: ಮೀನಿಗೆ ರೇಷ್ಮೆ ಪ್ಯೂಪಾ ಪುಡಿ ಹಾಕಿದವರು ಇದ್ದೀರಾ?

ನಮಸ್ಕಾರ. ಶಿಡ್ಲಘಟ್ಟದ ಹತ್ತಿರ ನಮ್ಮದೊಂದು ಕೃಷಿಹೊಂಡ ಇದೆ. ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಬಿಟ್ಟಿದ್ದೇನೆ. ಇಷ್ಟು ದಿನ ಕಡ್ಲೆಕಾಯಿ ಹಿಂಡಿ, ಅಕ್ಕಿ ತೌಡು ಕಲಸಿ ಹಾಕುತ್ತಿದ್ದೆ. ಈಗ ಹಿಂಡಿ ಬೆಲೆ ಕೈಗೆಟುಕುತ್ತಿಲ್ಲ. ಇಲ್ಲಿ ರೀಲಿಂಗ್ ಮಾಡುವವರ ಹತ್ತಿರ ನೂಲು ತೆಗೆದ ಮೇಲೆ ಉಳಿಯುವ ಪ್ಯೂಪಾ (ರೇಷ್ಮೆ ಗೂಡಿನೊಳಗಿನ ಹುಳು) ಮೂಟೆಗಟ್ಟಲೆ ಸಿಗುತ್ತೆ. ಒಣಗಿಸಿದರೆ ಹೆಚ್ಚುಕಮ್ಮಿ ಅರ್ಧದಷ್ಟು ಪ್ರೋಟೀನೇ. ಸಮುದ್ರದ ಮೀನು ಹಿಡಿದು ಪುಡಿ ಮಾಡಿ ಸಾಕು ಮೀನಿಗೆ ತಿನ್ನಿಸುವುದಕ್ಕಿಂತ ಇದು ಎಷ್ಟೋ ವಾಸಿ ಅಂತ ನನಗನ್ನಿಸುತ್ತೆ.

ತೊಂದರೆ ಎಣ್ಣೆಯದು. ಅದರಲ್ಲಿ ಕೊಬ್ಬು ಜಾಸ್ತಿ. ಬಿಸಿಲಲ್ಲಿ ಒಣಗಿಸಿ ಪುಡಿ ಮಾಡಿಟ್ಟಿದ್ದು 15 ದಿನಕ್ಕೇ ಕಮಟು ಹಿಡಿಯಿತು, ಮೀನು ಹತ್ತಿರಕ್ಕೂ ಬರಲಿಲ್ಲ. ಗಾಣದಲ್ಲಿ ಎಣ್ಣೆ ತೆಗೆಸಿ ಬಳಸಿದವರು ಇದ್ದೀರಾ? ಹಿಂಡಿಯ ಬದಲಿಗೆ ನೂರಕ್ಕೆ ಎಷ್ಟು ಪಾಲು ಸೇರಿಸಿದಿರಿ? ಮೀನಿನ ಮಾಂಸಕ್ಕೆ ವಾಸನೆ ಬಂತಾ? ಮಳೆಗಾಲಕ್ಕೆ ಮುಂಚೆ ಯಾರಾದರೂ ತಿಳಿಸಿದರೆ ದೊಡ್ಡ ಉಪಕಾರ.