ಅಪ್‌ಡೇಟ್: ಕೊನೆಗೂ ಎಫ್/5 ಟೆಲಿಸ್ಕೋಪ್ ತಗೊಂಡೆ

ಬೆನ್ನಿಗೆ ಹಾಕಿಕೊಂಡು ಹೋಗುವಂಥ ರಿಫ್ಲೆಕ್ಟರ್ (ಕನ್ನಡಿಯಿಂದ ಬೆಳಕು ಹಿಡಿಯುವ ಟೆಲಿಸ್ಕೋಪ್) ಬೇಕು, ಎಫ್/4, ಎಫ್/5, ಎಫ್/8ರಲ್ಲಿ ಯಾವುದು ಅಂತ ಕೇಳಿದ್ದೆನಲ್ಲ, 130 ಎಂಎಂ ಅಗಲದ ಕನ್ನಡಿಯ ಎಫ್/5 ತಗೊಂಡೆ. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಎಫ್ ಸಂಖ್ಯೆ ಅಂದರೆ ಫೋಕಲ್ ಲೆಂತ್ (ಕನ್ನಡಿಯಿಂದ ಚಿತ್ರ ಮೂಡುವ ಜಾಗಕ್ಕಿರುವ ದೂರ) ಕನ್ನಡಿಯ ಅಗಲದ ಎಷ್ಟು ಪಟ್ಟು ಅನ್ನೋದು. ಅದು ಕಡಿಮೆ ಇದ್ದರೆ ಚಿತ್ರ ಜಾಸ್ತಿ ಬೆಳಗುತ್ತದೆ ಅಂದುಕೊಂಡಿದ್ದೆ. ಕ್ಯಾಮೆರಾಗೆ ಅದು ಸರಿ. ಕಣ್ಣಿನಿಂದ ನೋಡುವಾಗ ಕನ್ನಡಿಯ ಅಗಲವೂ ವರ್ಧನೆಯೂ ಒಂದೇ ಆಗಿದ್ದರೆ ಬೆಳಕೂ ಒಂದೇ. ನನಗೆ ನಿಜವಾಗಿ ಮುಖ್ಯವಾಗಿದ್ದು ಕೊಳವೆಯ ಉದ್ದ. 150 ಎಂಎಂ ಎಫ್/8 ಅಂದರೆ ಫೋಕಲ್ ಲೆಂತ್ 1200 ಎಂಎಂ, ಕೊಳವೆಯೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಬೆನ್ನಿಗೆ ಹಾಕೋ ಮಾತೇ ಇಲ್ಲ! ನನ್ನದು 650. ಎಫ್/4 ಇನ್ನೂ ಗಿಡ್ಡ, ಆದರೆ ಅಂಚಿನ ನಕ್ಷತ್ರಗಳಿಗೆ ಬಾಲ ಬಂದ ಹಾಗೆ ಕಾಣುತ್ತದೆ. ಎಫ್/5ರಲ್ಲೂ ಸ್ವಲ್ಪ ಇದೆ, ನನಗೇನೂ ಕಿರಿಕಿರಿ ಅನ್ನಿಸಲಿಲ್ಲ.

ಮೊದಲ ರಾತ್ರಿ ಮಾತ್ರ ಶನಿ ಮಸುಕು ಮಸುಕು. ದುಡ್ಡು ದಂಡವಾಯಿತು ಅಂದುಕೊಂಡೆ. ಪ್ರಕಾಶಮಾನವಾದ ಒಂದು ನಕ್ಷತ್ರವನ್ನು ಫೋಕಸ್ ತಪ್ಪಿಸಿ ನೋಡಿದೆ. ಬೆಳಕಿನ ಬಿಲ್ಲೆಯ ನಡುವೆ ಇರಬೇಕಾದ ಕಪ್ಪು ಚುಕ್ಕೆ (ಕೊಳವೆಯೊಳಗಿನ ಚಿಕ್ಕ ಕನ್ನಡಿಯ ನೆರಳು) ಒಂದು ಪಕ್ಕಕ್ಕೆ ವಾಲಿತ್ತು. ದಾರಿಯ ಕುಲುಕಾಟಕ್ಕೆ ಕನ್ನಡಿ ಓರೆಯಾಗಿತ್ತು, ಅಷ್ಟೇ. ಕನ್ನಡಿಯ ಹಿಂದಿರುವ ಸ್ಕ್ರೂಗಳನ್ನು ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿದೆ, ಚುಕ್ಕೆ ನಡುವಿಗೆ ಬಂತು. 10 ಎಂಎಂ ಐಪೀಸ್‌ನಲ್ಲಿ (ಕಣ್ಣಿಟ್ಟು ನೋಡುವ ಮಸೂರ), ಅಂದರೆ 65 ಪಟ್ಟು, ಬಳೆ ಬೇರೆ, ಗ್ರಹ ಬೇರೆ ಅಂತ ಸ್ಪಷ್ಟವಾಗಿ ಕಂಡಿತು. 25 ಎಂಎಂ ಹಾಕಿದರೆ ಕೃತ್ತಿಕೆಯ ಮುಖ್ಯ ನಕ್ಷತ್ರಗಳೆಲ್ಲ ಒಟ್ಟಿಗೇ ಸಿಗುತ್ತವೆ.

ಸ್ಟ್ಯಾಂಡ್ ಮಾತ್ರ ಇನ್ನೂ ನಡುಗುತ್ತಿದೆ. ಅದರ ಬಗ್ಗೆ ಬೇರೆಯಾಗಿ ಕೇಳುತ್ತೇನೆ.